ಡಿಗ್ರಿ ಇದ್ದವರಿಗೆ ಮಾತ್ರ ವೋಟು: ಇದು ನ್ಯಾಯವೇ?

ಪ್ರಶ್ನೆ:
ನಾನು ಪದವೀಧರ ಕ್ಷೇತ್ರದ ಮತದಾರ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರಿಗೆ, ಇನ್ನು 7 ಶಿಕ್ಷಕರಿಗೆ. ಬೂತಿನಲ್ಲಿ ಅವರೇ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದ ಹೆಸರುಗಳ ಮುಂದೆ 1, 2, 3 ಅಂತ ಬರೆದು ಬಂದೆ. ನಮ್ಮಮ್ಮ ಓದಿದ್ದು ಏಳನೇ ಕ್ಲಾಸು. ಸ್ವಸಹಾಯ ಸಂಘದ ಲೆಕ್ಕ ಬರೆಯುವುದು ಅವರೇ. ಬಡ್ಡಿಯಲ್ಲಿ ಒಂದು ರೂಪಾಯಿ ತಪ್ಪಿದರೂ ಹಿಡಿಯುತ್ತಾರೆ. ಅವರಿಗೆ ಈ ವೋಟಿಲ್ಲ. ಯಾಕೆ?

ಉತ್ತರ 1:
ಸಂವಿಧಾನದ 171ನೇ ವಿಧಿಯಲ್ಲೇ ಇದೆ ಸರ್. ಓದಿದವರ ದನಿ ಮೇಲ್ಮನೆಯಲ್ಲಿ ಇರಲಿ ಬಿಡಿ. ವಿಧಾನಸಭೆಗೆ ಅಮ್ಮ ವೋಟು ಹಾಕುತ್ತಾರಲ್ವಾ?

ಉತ್ತರ 2:
ಡಿಗ್ರಿ ಮುಗಿದು 3 ವರ್ಷ ಆಗಿರಬೇಕು, ಫಾರಂ 18 ತುಂಬಬೇಕು. ಪ್ರತಿ ಚುನಾವಣೆಗೂ ಪಟ್ಟಿ ಹೊಸದು, ಹಳೇ ಹೆಸರು ತಾನಾಗಿ ಬರುವುದಿಲ್ಲ. ನಾನು ಪ್ರೈಮರಿ ಶಾಲೆ ಟೀಚರ್. ಶಿಕ್ಷಕರ ಕ್ಷೇತ್ರದಲ್ಲಿ ನನಗೆ ವೋಟಿಲ್ಲ, ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ. ಅ ಆ ಇ ಈ ಕಲಿಸುವವರು ಶಿಕ್ಷಕರಲ್ವಾ?

ಪ್ರಶ್ನೆ ಕೇಳಿದವರು:
ಮೇಡಂ, ನನ್ನ ಸಂಕಟವೂ ಇದೇ. ಸರ್, ಅಮ್ಮ ವಿಧಾನಸಭೆಗೆ ವೋಟು ಹಾಕುತ್ತಾರೆ, ನಿಜ. ಆದರೆ ಪರಿಷತ್ತಿನ ಮುಂದೆ ಬರುವ ಮಸೂದೆ ನಾಳೆ ಅವರಿಗೂ ಕಾಯ್ದೆ ತಾನೇ? 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆಗ ಯಾರ ಮಾರ್ಕ್ಸ್ ಕಾರ್ಡನ್ನೂ ಕೇಳಲಿಲ್ಲ. ಪರಿಷತ್ತು ಬೇಡ ಅಂತ ನಾನು ಹೇಳುತ್ತಿಲ್ಲ. ಈ 14 ಸ್ಥಾನಗಳಿಗೂ ಎಲ್ಲರೂ ವೋಟು ಹಾಕುವಂತಾಗಲಿ. ಅದೇ 171ನೇ ವಿಧಿಯ ಎರಡನೇ ಖಂಡ ಓದಿ. ಸಂಸತ್ತು ಒಂದು ಕಾನೂನು ಮಾಡಿದರೆ ಸಾಕು, ಸಂವಿಧಾನ ತಿದ್ದುಪಡಿಯೂ ಬೇಕಿಲ್ಲ.