ಬೇನೆಯ ಅಂತರ ಎಲ್ಲಿಂದ ಎಲ್ಲಿಗೆ ಎಣಿಸಬೇಕು? ಯಾವಾಗ ಹೊರಡಬೇಕು?

ಆಗುಂಬೆ_ಮಳೆ:
ಹೆಂಡತಿಗೆ 38 ವಾರ 2 ದಿನ, ಚೊಚ್ಚಲ ಹೆರಿಗೆ. ತವರಲ್ಲಿದ್ದಾಳೆ, ಆಗುಂಬೆ ಕಡೆಯ ಹಳ್ಳಿ. ತೀರ್ಥಹಳ್ಳಿಗೆ 40 ನಿಮಿಷ. ತೋರಿಸ್ತಿರೋ ಆಸ್ಪತ್ರೆ ಶಿವಮೊಗ್ಗದಲ್ಲಿ, ಅಂದ್ರೆ ಮಳೆ ಇಲ್ಲದಿದ್ರೂ ಎರಡು ಗಂಟೆ ದಾರಿ. ನಿನ್ನೆ ಸಂಜೆ ಹೊಟ್ಟೆ ಬಿಗಿದು ಬಿಡೋಕೆ ಶುರುವಾಯ್ತು. ಬರೆದಿಟ್ಟಿದ್ದು ಹೀಗಿದೆ:

7:05 – 25 ಸೆಕೆಂಡು
7:19 – 40 ಸೆಕೆಂಡು
7:27 – 20 ಸೆಕೆಂಡು
7:48 – 30 ಸೆಕೆಂಡು
7:55 – 35 ಸೆಕೆಂಡು
8:20 – 20 ಸೆಕೆಂಡು

ಊಟ ಮಾಡಿ ಮಲಗಿದ ಮೇಲೆ ನಿಂತೇ ಹೋಯ್ತು. ಆ್ಯಪ್ ‘ಸರಾಸರಿ ಅಂತರ 15 ನಿಮಿಷ’ ಅಂತ ತೋರಿಸ್ತು. ಅತ್ತೆ ಸುಳ್ಳು ಬೇನೆ ಅಂತಾರೆ. ಒಂದು ಮುಗಿದಲ್ಲಿಂದ ಮುಂದಿನದು ಶುರುವಾಗೋವರೆಗೆ ಎಣಿಸಬೇಕಾ, ಇಲ್ಲ ಶುರುವಿನಿಂದ ಶುರುವಿಗಾ? ಮಗು ಚೆನ್ನಾಗಿ ಆಡ್ತಿದೆ, ನೀರು, ರಕ್ತ ಏನೂ ಹೋಗಿಲ್ಲ.

ಹೆರಿಗೆ_ಕೋಣೆ:
ಶುರುವಿನಿಂದ ಶುರುವಿಗೆ. ಒಂದು ಬೇನೆ 2:10ಕ್ಕೆ ಹಿಡಿದು 2:11ಕ್ಕೆ ಬಿಟ್ಟಿತು, ಮುಂದಿನದು 2:15ಕ್ಕೆ ಹಿಡಿಯಿತು ಅಂದರೆ ಅಂತರ 5 ನಿಮಿಷ, 4 ಅಲ್ಲ. ಹಿಡಿದಲ್ಲಿಂದ ಬಿಡುವವರೆಗಿನದು ಅವಧಿ. ಈ ಎರಡು ಲೆಕ್ಕ ಬೇರೆ ಬೇರೆ ಬರೆಯಿರಿ.

ಆ್ಯಪ್‌ನ ಸರಾಸರಿಯನ್ನು ಪಕ್ಕಕ್ಕಿಡಿ. ನಿಮ್ಮ ಪಟ್ಟಿಯಲ್ಲಿ ಅಂತರಗಳು 14, 8, 21, 7, 25. ಕೂಡಿಸಿ ಭಾಗಿಸಿದರೆ 15 ಬರುತ್ತದೆ ನಿಜ, ಆದರೆ 14 ಒಂದನ್ನು ಬಿಟ್ಟರೆ ಯಾವ ಅಂತರವೂ 15ರ ಆಸುಪಾಸಿನಲ್ಲಿ ನಿಂತಿಲ್ಲ. ಅವಧಿಯೂ 20ರಿಂದ 40ರ ಮಧ್ಯೆ ಹತ್ತಿ ಇಳಿದಿದೆ, ಬೆಳೆದಿಲ್ಲ. ಮಲಗಿದ ಮೇಲೆ ನಿಂತೂ ಹೋಗಿದೆ. ನಿಮ್ಮ ಅತ್ತೆ ಹೇಳಿದ್ದೇ ಸರಿ. ನಿಜವಾದ ಬೇನೆಯ ಪಟ್ಟಿ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

2:10 – 40 ಸೆಕೆಂಡು
2:21 – 45 ಸೆಕೆಂಡು
2:31 – 45 ಸೆಕೆಂಡು
2:40 – 50 ಸೆಕೆಂಡು
2:48 – 55 ಸೆಕೆಂಡು
2:55 – 60 ಸೆಕೆಂಡು

ಅಂತರ 11, 10, 9, 8, 7 ಎಂದು ಇಳಿಯುತ್ತಿದೆ, ಅವಧಿ ಏರುತ್ತಿದೆ. ಇಷ್ಟು ಅಚ್ಚುಕಟ್ಟಾಗಿ ಬರಲೇಬೇಕೆಂದಿಲ್ಲ, ನಡುವೆ ಒಂದೆರಡು ಹಿಂದೆ ಮುಂದೆ ಆಗುತ್ತವೆ. ಒಂದೇ ಅಂಕಿಗೆ ಜೋತುಬೀಳದೆ ಪಟ್ಟಿ ಯಾವ ಕಡೆ ವಾಲುತ್ತಿದೆ ನೋಡಿ. ಕಡೇಪಕ್ಷ ಆರು ಬೇನೆ ಸಾಲಾಗಿ ಬರೆದ ಮೇಲೆ ಮಾತಾಡಿ.

ಎಣಿಕೆ ತಪ್ಪುವುದು ಹೆಚ್ಚಾಗಿ ಗುಂಡಿ ಒತ್ತುವುದರಲ್ಲಿ. ನೋವು ಜೋರಾದಾಗ ‘ಶುರು’ ಒತ್ತುತ್ತಾರೆ, ಅಷ್ಟರಲ್ಲಿ ಬಿಗಿತ ಶುರುವಾಗಿ ಹತ್ತಿಪ್ಪತ್ತು ಸೆಕೆಂಡು ಕಳೆದಿರುತ್ತದೆ. ಅದಕ್ಕೇ ಕೈಯಿಂದ ಎಣಿಸಿ. ಹೊಕ್ಕುಳಿಗಿಂತ ಮೇಲೆ, ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈಯನ್ನು ಹಗುರವಾಗಿ ಇಡಿ. ತಿಕ್ಕುವುದು, ಒತ್ತುವುದು ಬೇಡ. ಬೇನೆ ಬಂದಾಗ ಕೈಕೆಳಗೆ ಇಡೀ ಗರ್ಭಕೋಶ ಗಟ್ಟಿಯಾಗಿ ಮುಂದಕ್ಕೆ ಏಳುತ್ತದೆ. ಆಗ ಮಾತ್ರ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ: ಮೂಗಿನ ತುದಿಯ ಹಾಗಿದ್ದರೆ ಸಣ್ಣ ಬೇನೆ, ಗದ್ದದ ಹಾಗಿದ್ದರೆ ಮಧ್ಯಮ, ಹಣೆಯ ಹಾಗೆ ಬೆರಳೇ ಇಳಿಯದಿದ್ದರೆ ಜೋರು. ಹೊಟ್ಟೆಯ ಒಂದು ಕಡೆ ಮಾತ್ರ ಉಬ್ಬಿ ಗಟ್ಟಿಯಾದರೆ ಅದು ಮಗುವಿನ ಬೆನ್ನೋ ಅಂಡೋ ಇರಬಹುದು. ಗ್ಯಾಸಿನ ನೋವಿನಲ್ಲಿ ಗರ್ಭಕೋಶ ಮೆತ್ತಗೇ ಇರುತ್ತದೆ. ಕೆಲವರಿಗೆ ಬೇನೆ ಪೂರ್ತಿ ಸೊಂಟದಲ್ಲೇ ಕಾಣಿಸುತ್ತದೆ, ‘ಹೊಟ್ಟೆ ನೋವಿಲ್ಲ, ಬರೀ ಸೊಂಟ’ ಅಂತಾರೆ. ಆಗಲೂ ಕೈಯಿಟ್ಟರೆ ಹೊಟ್ಟೆ ಬಿಗಿಯುವುದು ಸಿಗುತ್ತದೆ.

ಎಣಿಸುವ ಕೈ ಒಬ್ಬರದೇ ಇರಲಿ. ನೀವೊಮ್ಮೆ, ಅತ್ತೆ ಒಮ್ಮೆ ಎಣಿಸಿದರೆ ಪಟ್ಟಿ ಕೆಡುತ್ತದೆ.

ಕೆಂಪಕ್ಕಿ_ಗಂಜಿ:
ಮೇಲಿನದಕ್ಕೆ ಸೇರಿಸುವುದು: ಸುಳ್ಳು ಬೇನೆಯೋ ನಿಜವೋ ಅನುಮಾನ ಬಂದಾಗ ಒಂದು ಗಂಟೆಯ ಪರೀಕ್ಷೆ ಮಾಡಿ. ಮೂತ್ರ ಮಾಡಿಸಿ, ಎರಡು ಲೋಟ ನೀರು ಕುಡಿಸಿ, ಎಡಮಗ್ಗುಲಿಗೆ ಮಲಗಿಸಿ. ತುಂಬಿದ ಮೂತ್ರಕೋಶ, ನೀರು ಕಮ್ಮಿ ಕುಡಿದದ್ದು, ದಿನವಿಡೀ ನಿಂತು ಓಡಾಡಿದ್ದು, ಇವೆಲ್ಲ ಹೊಟ್ಟೆ ಬಿಗಿಸುತ್ತವೆ. ಸುಳ್ಳು ಬೇನೆ ಇಷ್ಟಕ್ಕೆ ಸಡಿಲವಾಗುತ್ತದೆ. ನಿಜವಾದದ್ದು ಮಲಗಿದರೂ ಬರುತ್ತದೆ, ನಡೆದರೂ ಬರುತ್ತದೆ, ಸಾಮಾನ್ಯವಾಗಿ ನಡೆದಾಗ ಇನ್ನಷ್ಟು ಜೋರಾಗುತ್ತದೆ. ಬೇನೆ ಬಂದಾಗ ಮಾತು ನಿಲ್ಲಿಸಿ ಉಸಿರು ಬಿಗಿಹಿಡಿಯುತ್ತಾಳಾ, ಇಲ್ಲ ಟಿವಿ ನೋಡಿಕೊಂಡು ಹರಟುತ್ತಾಳಾ ಗಮನಿಸಿ, ಅದೂ ಒಳ್ಳೆಯ ಅಳತೆ.

ಉರಿಮೂತ್ರ ಇದ್ದು ಹೊಟ್ಟೆ ಬಿಗಿಯುತ್ತಿದ್ದರೆ ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿನಿಂದಲೂ ಹೀಗಾಗುತ್ತದೆ. ಅಂಟಂಟಾದ ಲೋಳೆ ಸ್ವಲ್ಪ ರಕ್ತದ ಎಳೆಯೊಂದಿಗೆ ಬಂದರೆ ಗಾಬರಿ ಬೇಡ, ಅದಾದ ಮೇಲೂ ಬೇನೆಗೆ ಗಂಟೆಗಳೋ ದಿನಗಳೋ ಹಿಡಿಯಬಹುದು. ಇನ್ನೊಂದು ಮಾತು: ಬೇನೆ ಬರಿಸಲು ಹರಳೆಣ್ಣೆ ಕುಡಿಸುವವರು ಇನ್ನೂ ಇದ್ದಾರೆ. ಬೇಡವೇ ಬೇಡ. ಭೇದಿಯಾಗಿ ಮೈಯ ನೀರು ಹೋಗುತ್ತದೆ, ಕರುಳಿನ ನುಲಿತ ಯಾವುದು ಬೇನೆ ಯಾವುದು ತಿಳಿಯದೆ ನಿಮ್ಮ ಪಟ್ಟಿಯೂ ಹಾಳು.

ಆಗುಂಬೆ_ಮಳೆ:
ಕೈಯಿಡುವ ಕ್ರಮ ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ಎಲ್ಲ ಕಡೆ ‘5 ನಿಮಿಷಕ್ಕೊಂದು, 1 ನಿಮಿಷ ಉದ್ದ, 1 ಗಂಟೆ ಹೀಗೇ ಬಂದರೆ ಹೊರಡಿ’ ಅಂತ ಇದೆ. ನಮಗೆ ದಾರಿಯೇ ಎರಡು ಗಂಟೆ, ಅಲ್ಲಿವರೆಗೂ ಕಾಯಬಹುದಾ? ನೋವಿಲ್ಲದೆ ನೀರು ಹೋದರೆ?

ತುಂಗಾ_ದಡ:
ಕಾಯಬೇಡಿ. ಆ ಸೂತ್ರ ಆಸ್ಪತ್ರೆ ಅರ್ಧ ಗಂಟೆಯೊಳಗೆ ಇರುವ ಚೊಚ್ಚಲ ಬಸುರಿಗೆ. ನಿಮ್ಮ ದಾರಿಗೆ, ಬೇನೆ ಒಂದು ಗಂಟೆ ಕಾಲ 8-10 ನಿಮಿಷಕ್ಕೊಂದರಂತೆ ನಿಯಮಿತವಾಗಿ ಬಂದು ಅವಧಿ 40 ಸೆಕೆಂಡು ದಾಟಿತೆಂದರೆ ಗಾಡಿ ಹೊರಡಿಸಿ. ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಮುಂದೆ ಹೋಗುವುದು ಜಾಣತನ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ಅಲ್ಲೇ ತಿಳಿದರೆ ಶಿವಮೊಗ್ಗಕ್ಕೆ ಹೋಗುವಷ್ಟು ಸಮಯ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಎರಡನೇ ಹೆರಿಗೆ ಆಗಿದ್ದರೆ ಇಷ್ಟೂ ಕಾಯಬೇಡಿ ಎನ್ನುತ್ತಿದ್ದೆ, ಅದು ಬೇಗ ಸಾಗುತ್ತದೆ. ಮೊದಲು ಸಿಸೇರಿಯನ್ ಆದವರಂತೂ ಬೇನೆ ಶುರುವಾಯಿತು ಎನಿಸಿದ ಕೂಡಲೇ ಹೊರಡಬೇಕು, ಹಳೆಯ ಹೊಲಿಗೆಯ ಜಾಗಕ್ಕೆ ಅಪಾಯ ಇರುತ್ತದೆ.

ಹೋದ ಮೇಲೆ ‘ಗರ್ಭಕೋಶದ ಬಾಯಿ ತೆರೆದದ್ದು ಇನ್ನೂ 2-3 ಸೆಂಟಿಮೀಟರ್ ಅಷ್ಟೆ’ ಅಂತ ವಾಪಸ್ ಕಳಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಸಕ್ರಿಯ ಹೆರಿಗೆಯನ್ನು (ಬೇನೆ ಜೋರಾಗಿ ಬಾಯಿ ಬೇಗ ತೆರೆಯುವ ಹಂತ) 5 ಸೆಂಟಿಮೀಟರಿನಿಂದ ಎಣಿಸುತ್ತದೆ. ಅದಕ್ಕೆ ಮೊದಲಿನ ಹಂತ ಚೊಚ್ಚಲಿಗೆ ಒಂದು ಹಗಲು ಒಂದು ರಾತ್ರಿ ಹಿಡಿದರೂ ಆಶ್ಚರ್ಯವಿಲ್ಲ. ಆದರೆ ಎರಡು ಗಂಟೆ ದಾರಿಯವರು ಹಳ್ಳಿಗೆ ಮರಳಬೇಡಿ, ಊರಲ್ಲೇ ನೆಂಟರ ಮನೆಯೋ ಲಾಡ್ಜೋ ನೋಡಿಕೊಳ್ಳಿ.

ನೀರಿನ ವಿಷಯ. ಸೋರಿದ್ದು ಮೂತ್ರವೋ ನೀರೋ ಅನುಮಾನವಿದ್ದರೆ ಮೂತ್ರ ಮಾಡಿ, ಒಣ ಪ್ಯಾಡ್ ಇಟ್ಟು ಅರ್ಧ ಗಂಟೆ ಮಲಗಿ ಎದ್ದು ನೋಡಲಿ. ಎದ್ದಾಗ ಮತ್ತೆ ಬಳಕ್ಕೆಂದು ಬಂದರೆ ಅದು ಗರ್ಭದ ನೀರೇ ಎಂದುಕೊಳ್ಳಿ. ಸಮಯ ಬರೆದಿಟ್ಟು, ಬೇನೆ ಇರಲಿ ಬಿಡಲಿ ಹೊರಡಿ. ಹೊತ್ತು ಕಳೆದಷ್ಟೂ ಸೋಂಕಿನ ಭಯ. ಪ್ಯಾಡ್ ಎಸೆಯಬೇಡಿ, ಡಾಕ್ಟರಿಗೆ ಬಣ್ಣ ತೋರಿಸಿ. ಹಸಿರೋ ಕಂದೋ ಇದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ, ಅಲ್ಲಿ ತಡ ಸಲ್ಲದು. ನೀರಿನ ಜೊತೆ ಹೊಕ್ಕುಳಬಳ್ಳಿ ಹೊರಗೆ ಕಂಡರೆ ಮುಟ್ಟಿ ಒಳಗೆ ತಳ್ಳಬೇಡಿ. ಮಂಡಿಯೂರಿ ಎದೆ ನೆಲಕ್ಕೆ, ಸೊಂಟ ಮೇಲಕ್ಕೆ ಇರುವಂತೆ ಮಾಡಿ ತಕ್ಷಣ 108ಕ್ಕೆ ಕರೆ ಮಾಡಿ.

ಗಡಿಯಾರ ನೋಡದೆ ಹೊರಡಬೇಕಾದವು: ಪ್ಯಾಡ್ ತೋಯುವಷ್ಟು ರಕ್ತ, ಬಿಗಿದ ಹೊಟ್ಟೆ ಸಡಿಲವಾಗದೆ ಹಲಗೆಯಂತೆ ಉಳಿಯುವುದು, ಮಗುವಿನ ಆಟ ಕಮ್ಮಿಯಾಗುವುದು (ಬೇನೆ ಹತ್ತಿರವಾದಾಗ ಮಗು ಆಡುವುದಿಲ್ಲ ಎಂಬ ಮಾತು ಸುಳ್ಳು), ತಲೆ ಸಿಡಿತ, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಜ್ವರ. ಇದನ್ನು ಓದುವ ಬೇರೆಯವರಿಗೆ: 37 ವಾರ ತುಂಬುವ ಮೊದಲು 10 ನಿಮಿಷಕ್ಕೊಂದರಂತೆ ಬಿಗಿಯುತ್ತಿದ್ದರೆ ಈ ಎಣಿಕೆಯ ಆಟವೇ ಬೇಡ, ನೇರ ಆಸ್ಪತ್ರೆ.

ಗಾಡಿಯಲ್ಲಿ ಅಂಗಾತ ಮಲಗಿಸಬೇಡಿ, ಎಡಮಗ್ಗುಲಿಗೆ. ದಾರಿಯಲ್ಲಿ ‘ಕಕ್ಕಸಿಗೆ ಬಂದ ಹಾಗಾಗುತ್ತಿದೆ, ಮುಕ್ಕಬೇಕು’ ಎಂದರೆ ಹೆರಿಗೆ ಹತ್ತಿರ ಬಂದಿದೆ. ಶೌಚಾಲಯ ಹುಡುಕಬೇಡಿ, ಪಕ್ಕಕ್ಕೆ ನಿಲ್ಲಿಸಿ 108. ನಿಮ್ಮ ಕಡೆ ಸಿಗ್ನಲ್ ಎಲ್ಲೆಲ್ಲಿ ಸಿಗುತ್ತದೆ ಅಂತ ಈಗಲೇ ನೋಡಿಟ್ಟುಕೊಳ್ಳಿ.

ಹೆರಿಗೆ_ಕೋಣೆ:
ಫೋನ್ ಮಾಡಿದಾಗ ಸಿಸ್ಟರ್ ಕೇಳುವುದು ‘10 ನಿಮಿಷಕ್ಕೆ ಎಷ್ಟು ಬೇನೆ?’ ಎಂದು. ವಾರ್ಡಿನ ಲೆಕ್ಕವೇ ಅದು. 5 ನಿಮಿಷಕ್ಕೊಂದು ಅಂದರೆ 10ಕ್ಕೆ 2. ಮೂರೂಕಾಲು ನಿಮಿಷಕ್ಕೊಂದು ಅಂದರೆ 10ಕ್ಕೆ 3. ಹೀಗೆ ಹೇಳಿ: ಎಷ್ಟನೇ ವಾರ, ಚೊಚ್ಚಲು, 10 ನಿಮಿಷಕ್ಕೆ ಎಷ್ಟು, ಒಂದೊಂದು ಎಷ್ಟು ಸೆಕೆಂಡು, ನೀರು ಹೋಗಿದೆಯಾ, ಬಣ್ಣ ಏನು, ಮಗು ಆಡುತ್ತಿದೆಯಾ, ಕೊನೆಗೆ ಏನು ಯಾವಾಗ ತಿಂದಳು. ತಾಯಿ ಕಾರ್ಡ್, ರಕ್ತದ ಗುಂಪಿನ ರಿಪೋರ್ಟ್, ಕೊನೆಯ ಸ್ಕ್ಯಾನ್ ಮೂರೂ ಒಂದೇ ಕವರಿನಲ್ಲಿರಲಿ, ಬಟ್ಟೆಯ ಬ್ಯಾಗಿನ ತಳದಲ್ಲಿ ಬೇಡ.