ಗಂಡನ ಇನ್ನೊಂದು ಸಂಬಂಧ: ಧಾರಾವಾಹಿಯ ಜಾಡು ಬಿಟ್ಟು ಬರೆಯುವುದು ಹೇಗೆ?

ಹಾಸನದ_ಕಥೆಗಾರ್ತಿ
8 ಕಂತಿನ ವೆಬ್ ಸರಣಿಗೆ ಚಿತ್ರಕಥೆ ಬರೆಯುತ್ತಿದ್ದೇನೆ. ಮದುವೆಯಾಗಿ ಹನ್ನೊಂದು ವರ್ಷ, ಒಂದು ಮಗು, ಗಂಡನಿಗೆ ಬೇರೊಬ್ಬಳ ಜೊತೆ ಸಂಬಂಧ. ಟಿವಿಯ ಸವತಿ ಟ್ರ್ಯಾಕ್‌ನಂತೆ ಆಗಬಾರದು, ಕಾನೂನೂ ತಪ್ಪಬಾರದು. ಎಲ್ಲೆಲ್ಲಿ ಎಚ್ಚರ ಬೇಕು?

ಚಿತ್ರಕಥೆ_ಮೇಷ್ಟ್ರು
ಮೇಡಂ, ನಮ್ಮ ಧಾರಾವಾಹಿಗಳು ಮೊದಲು ಮಾಡುವ ಕೆಲಸವೇ ಗಂಡನನ್ನು ನಿರ್ದೋಷಿ ಮಾಡುವುದು. ಜ್ಯೂಸಿಗೆ ಮತ್ತಿನ ಪುಡಿ, ಬಲವಂತದ ತಾಳಿ, ಅಪಘಾತವಾಗಿ ನೆನಪು ಹೋಗುವುದು, ಎಲ್ಲವೂ ಹೀರೋ ಕೆಡದಿರಲಿ ಎಂದು. ಆಮೇಲೆ ಅಷ್ಟೂ ತಪ್ಪು ಇನ್ನೊಬ್ಬಳ ತಲೆಗೆ. ಅವಳಿಗೆ ಗಾಢ ಲಿಪ್‌ಸ್ಟಿಕ್, ಹೆಂಡತಿಗೆ ತುಳಸಿಕಟ್ಟೆ. ಅವನು ಪೂರ್ತಿ ಎಚ್ಚರದಲ್ಲಿದ್ದು, ಮನೆಗೆ ಹೊರಡಬಹುದಾಗಿದ್ದೂ ಹೊರಡದೆ ಉಳಿದ ಒಂದು ದೃಶ್ಯ ಬರೆಯಿರಿ. ಅದಿಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ.

1971ರ ‘ಶರಪಂಜರ’ ಮತ್ತೊಮ್ಮೆ ನೋಡಿ. ನಾಯಕಿ ಕಾವೇರಿಯ ಮದುವೆಗೆ ಮುಂಚಿನ ಒಂದು ಘಟನೆ ಎಲ್ಲರ ಬಾಯಿಗೆ ಬೀಳುತ್ತದೆ, ಗಂಡನ ಸಂಬಂಧವನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ಅನ್ಯಾಯ ಎಂದೇ ತೋರಿಸುವ ಧೈರ್ಯ ಆ ಚಿತ್ರಕ್ಕಿತ್ತು.

ದಿನದ ಧಾರಾವಾಹಿ ಪ್ರತಿ ಕಂತನ್ನೂ ಕುತೂಹಲದಲ್ಲಿ ನಿಲ್ಲಿಸಬೇಕು, ಹಾಗಾಗಿ ಗುಟ್ಟನ್ನು ತಿಂಗಳುಗಟ್ಟಲೆ ಎಳೆಯುತ್ತಾರೆ. ನಿಮಗೆ ಆ ಹಂಗಿಲ್ಲ. 2ನೇ ಕಂತಿನ ಕೊನೆಗೆ ಅವಳಿಗೆ ಗೊತ್ತಾಗಲಿ. ಬಾಗಿಲ ಸಂದಿಯಲ್ಲಿ ಕೇಳಿಸಿಕೊಳ್ಳುವುದು ಬೇಡ. ಮಗುವಿನ ಫೀಸು ಕಟ್ಟಿದ್ದನ್ನು ಹುಡುಕಲು ಜಂಟಿ ಖಾತೆಯ ಸ್ಟೇಟ್‌ಮೆಂಟ್ ತೆಗೆಯುತ್ತಾಳೆ; ಪ್ರತಿ ಗುರುವಾರ ರಾತ್ರಿ ಒಂದೇ ಹೋಟೆಲಿಗೆ ₹640, ₹615, ₹670. ಒಬ್ಬನ ಊಟದ ಬಿಲ್ಲಲ್ಲ ಅದು. ಏನೂ ಹೇಳದೆ ಫೀಸಿನ ಸಾಲು ಹುಡುಕುವುದನ್ನೇ ಮುಂದುವರಿಸಲಿ. ಹಿನ್ನೆಲೆ ಸಂಗೀತ ಬೇಡವೇ ಬೇಡ.

ಉಳಿದ 6 ಕಂತು ಮನೆ ಯಾರ ಹೆಸರಲ್ಲಿದೆ, ಅತ್ತೆ ಯಾರ ಪರ, ತವರಿನವರು ‘ಹೊಂದಿಕೊಂಡು ಹೋಗಮ್ಮ’ ಎಂದರೆ ಏನು ಮಾಡಬೇಕು ಎಂಬುದಕ್ಕೇ ಬೇಕಾಗುತ್ತದೆ.

ಕೌಟುಂಬಿಕ_ವಕೀಲೆ
ಕಾನೂನಿನ ಕಡೆ ನಾಲ್ಕು ಮಾತು, ಇಬ್ಬರೂ ಹಿಂದೂಗಳು ಎಂದುಕೊಂಡು.

‘ಪೊಲೀಸರಿಗೆ ಹಿಡಿದುಕೊಡ್ತೀನಿ’ ಎಂಬ ಡೈಲಾಗ್ ತೆಗೆಯಿರಿ. ವ್ಯಭಿಚಾರವನ್ನು ಅಪರಾಧ ಎನ್ನುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 497ನೇ ಕಲಂ ಅನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿದೆ. ವ್ಯಭಿಚಾರ ಈಗ ಅಪರಾಧವಲ್ಲ, ಆದರೆ ವಿಚ್ಛೇದನಕ್ಕೆ ಕಾರಣ ಹೌದು. ಮೊದಲ ಮದುವೆ ಊರ್ಜಿತವಿರುವಾಗಲೇ ಇನ್ನೊಂದು ಮದುವೆಯಾದರೆ ಅದು ಬೇರೆ ಮಾತು: ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ 7 ವರ್ಷದವರೆಗೆ ಶಿಕ್ಷೆ. ಎರಡನೆಯ ಮದುವೆ ವಿಧಿವತ್ತಾಗಿ ನಡೆದದ್ದು ಸಾಬೀತಾಗಬೇಕು. ಬಹಳಷ್ಟು ಕೇಸು ಬೀಳುವುದು ಇಲ್ಲೇ.

‘ಡಿವೋರ್ಸ್ ಪೇಪರ್‌ಗೆ ಸೈನ್ ಹಾಕು’ ಎನ್ನುವುದೂ ಬೇಡ. ಸಹಿಯಿಂದ ಮದುವೆ ಮುರಿಯುವುದಿಲ್ಲ, ಕೋರ್ಟ್ ಡಿಕ್ರಿ ಬೇಕು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂನಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಗೆ ಮೊದಲು ಒಂದು ವರ್ಷ ಬೇರೆಯಾಗಿ ಬದುಕಿರಬೇಕು, ಅರ್ಜಿ ಹಾಕಿದ ಮೇಲೆ 6 ತಿಂಗಳು ಕಾಯಬೇಕು. ಸುಪ್ರೀಂ ಕೋರ್ಟಿನ 2017ರ ತೀರ್ಪಿನ ನಂತರ ಆ 6 ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು.

ಹಾಸನದ_ಕಥೆಗಾರ್ತಿ
ಇಬ್ಬರಿಗೂ ಧನ್ಯವಾದ. ಗಂಡ ಒಪ್ಪದಿದ್ದರೆ? ಕಟಕಟೆಯಲ್ಲಿ ಅವಳು ಅವನನ್ನು ಪ್ರಶ್ನಿಸುವ ದೃಶ್ಯ ಇಡಬಹುದೇ?

ಕೌಟುಂಬಿಕ_ವಕೀಲೆ
ಜನ ತುಂಬಿದ ಕೋರ್ಟ್ ಹಾಲ್ ಬೇಡ ಮೇಡಂ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ವಿಚಾರಣೆ ಮುಚ್ಚಿದ ಬಾಗಿಲೊಳಗೆ. ಅದಕ್ಕೂ ಮೊದಲು ಕೌಟುಂಬಿಕ ನ್ಯಾಯಾಲಯ ರಾಜಿಗೆ ಪ್ರಯತ್ನಿಸಲೇಬೇಕು. ನಿಮ್ಮ ದೃಶ್ಯವನ್ನು ಸಮಾಲೋಚಕರ ಕೋಣೆಗೆ ತನ್ನಿ: ಒಂದು ಮೇಜು, ಮೂರು ಕುರ್ಚಿ. ಆ ಸ್ಟೇಟ್‌ಮೆಂಟನ್ನು ಅವಳು ಅಲ್ಲಿ ಮೇಜಿನ ಮೇಲಿಡಲಿ. ವ್ಯಭಿಚಾರಕ್ಕೆ ಕಣ್ಣಾರೆ ಕಂಡ ಸಾಕ್ಷಿ ಸಿಗುವುದು ಅಪರೂಪ, ಕೋರ್ಟ್ ನೋಡುವುದೂ ಸಾಂದರ್ಭಿಕ ಪುರಾವೆಗಳನ್ನೇ. ಆದರೆ ಬರೀ ಊಟದ ಬಿಲ್ಲು ಸಾಲದು, ಲಾಡ್ಜಿನ ರಸೀದಿಯೂ ಮೆಸೇಜುಗಳೂ ಜೊತೆಗಿರಲಿ.