ಕರೆಂಟ್ ಹೋದರೆ ಯುಪಿಎಸ್ ಕೂಡ ಆಫ್: ಬೋರ್ಡ್ ಹೋಗಿದೆಯಾ, ಬ್ಯಾಟರಿಯಾ?

ಪ್ರಶ್ನೆ: ನಮಸ್ಕಾರ, ಪುಣೆಯ ಚಿಂಚ್‌ವಡದಿಂದ. ಮನೆಯಲ್ಲೇ ಕೂತು ಜಿಎಸ್‌ಟಿ ರಿಟರ್ನ್ ಹಾಕುವ ಕೆಲಸ ನನ್ನದು. ಗುರುವಾರ ಬೆಳಗ್ಗೆ ಹೋದ ಕರೆಂಟ್ ರಾತ್ರಿ ಬಂತು. ಅವತ್ತಿನಿಂದ 600 ವಿಎ ಯುಪಿಎಸ್ ಇದ್ದೂ ಇಲ್ಲದ ಹಾಗಾಗಿದೆ. ಹಸಿರು ಲೈಟ್ ಉರಿಯುತ್ತದೆ, ಆದರೆ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಕೂಡ ಆಫ್. ರಿಪೇರಿಯವರು ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ ಅಂದರು. ಬ್ಯಾಟರಿ ಮೂರು ವರ್ಷದ್ದು, ಮೀಟರಿನಲ್ಲಿ 12.5 ವೋಲ್ಟ್ ಇದೆ. ಅಂದರೆ ಅದು ಸರಿ ಇದೆ ಅಲ್ವಾ?

ಉತ್ತರ: ಇಲ್ಲ, ನನಗೆ ಅನುಮಾನ ಇರುವುದೇ ಬ್ಯಾಟರಿ ಮೇಲೆ. ಲೋಡ್ ಇಲ್ಲದಾಗ, ಅಂದರೆ ಬ್ಯಾಟರಿಯಿಂದ ಏನೂ ಕರೆಂಟ್ ಎಳೆಯದಿರುವಾಗ, ಹಳೇ ಬ್ಯಾಟರಿ ಕೂಡ 12.5 ತೋರಿಸುತ್ತದೆ, ಆ ಅಂಕಿ ನಂಬಿ ಒಳ್ಳೆಯ ಯುಪಿಎಸ್ ಎಸೆದವರು ಎಷ್ಟೋ ಜನ. ಒಳಗಿರುವುದು ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಸೀಲ್ಡ್ ಲೆಡ್ ಬ್ಯಾಟರಿ, ಅದರ ಆಯಸ್ಸು ಹೆಚ್ಚಾಗಿ ಎರಡು ಮೂರು ವರ್ಷ, ಸೆಕೆ ಇರುವ ಜಾಗದಲ್ಲಿ ಇನ್ನೂ ಕಡಿಮೆ. ಪೂರ್ತಿ ಇಳಿದು ಗಂಟೆಗಟ್ಟಲೆ ಹಾಗೇ ಬಿದ್ದಿದ್ದರೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಕರೆಂಟ್ ಹಿಡಿದಿಡುವ ಶಕ್ತಿಯೇ ಇರುವುದಿಲ್ಲ.

ಮೊದಲು ರಾತ್ರಿಯಿಡೀ ಚಾರ್ಜ್ ಮಾಡಿ. ಆಮೇಲೆ ಪ್ಲಗ್ ಕಿತ್ತು, ಸ್ವಿಚ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿ ಹೊರಗೆ ತೆಗೆಯಿರಿ. ಕಪ್ಪು ವೈರ್ ಮೊದಲು. ಪ್ಲಗ್ ಹಾಕಿರುವಾಗ ಮಾತ್ರ ಒಳಗೆ ಕೈ ಹಾಕಲೇಬೇಡಿ, ಎಷ್ಟೋ ಚಿಕ್ಕ ಯುಪಿಎಸ್‌ಗಳಲ್ಲಿ ಬ್ಯಾಟರಿ ಟರ್ಮಿನಲ್‌ನಲ್ಲೇ 230 ವೋಲ್ಟ್ ಶಾಕ್ ಹೊಡೆಯಬಹುದು. ಹೊರಗೆ ತೆಗೆದ ಬ್ಯಾಟರಿಗೆ 12 ವೋಲ್ಟಿನ ಬೈಕ್ ಹೆಡ್‌ಲೈಟ್ ಬಲ್ಬ್ ಜೋಡಿಸಿ, ಉರಿಯುತ್ತಿರುವಾಗಲೇ ಮೀಟರ್ ನೋಡಿ. ಚೆನ್ನಾಗಿರುವ ಬ್ಯಾಟರಿ ಹತ್ತು ನಿಮಿಷವಾದರೂ 11.5ರ ಮೇಲೆ ನಿಲ್ಲುತ್ತದೆ. ಸರ್ರನೆ 10.5ರ ಕೆಳಗೆ ಇಳಿದರೆ ಅದರ ಕಥೆ ಮುಗಿಯಿತು. ಇಳಿಯದೆ ನಿಂತರೆ ಆಗ ಬೋರ್ಡ್ ನೋಡಿಸಿ, ಅಲ್ಲಿಯವರೆಗೆ ಸುಮ್ನೆ ದುಡ್ಡು ಬಿಚ್ಚಬೇಡಿ.

ಮರುಪ್ರಶ್ನೆ: ಹಾಗೇ ಮಾಡಿದೆ ಸರ್, ಬಲ್ಬ್ ಹಚ್ಚಿದ ತಕ್ಷಣ 8ಕ್ಕೆ ಬಿತ್ತು! ಹೊಸದು ಹಾಕುವಾಗ 9 ಎಎಚ್ ಹಾಕಬಹುದಾ? ಲೇಸರ್ ಪ್ರಿಂಟರ್ ಕೂಡ ಇದಕ್ಕೇ ಇದೆ.

ಉತ್ತರ: 9 ಎಎಚ್ ಸಾಮಾನ್ಯವಾಗಿ ಅದೇ ಅಳತೆಯಲ್ಲಿ ಬರುತ್ತದೆ, ಹಾಕಬಹುದು, ಚಾರ್ಜ್ ಆಗಲು ಹೊತ್ತು ಜಾಸ್ತಿ ಬೇಕು ಅಷ್ಟೇ. ಆದರೆ ಟರ್ಮಿನಲ್ ನೋಡಿ ತಗೊಳ್ಳಿ, 4.8 ಮಿ.ಮೀ. ಮತ್ತು 6.3 ಮಿ.ಮೀ. ಎರಡೂ ಇರುತ್ತವೆ. ಹಳೆಯದನ್ನೇ ಜೊತೆಗೆ ಒಯ್ಯಿರಿ. ಬುಧವಾರ ಪೇಟೆಯ ತಪಕೀರ್ ಗಲ್ಲಿ ಕಡೆ ಒಮ್ಮೆ ವಿಚಾರಿಸಿ, ಹಳೇ ಲೆಡ್ ಬ್ಯಾಟರಿಗೆ ಅಂಗಡಿಯವರು ಸಾಮಾನ್ಯವಾಗಿ ಒಂದಿಷ್ಟು ಬೆಲೆ ಕಳೆಯುತ್ತಾರೆ. ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ, ಒಳಗೆ ಸೀಸ ಮತ್ತು ಆ್ಯಸಿಡ್ ಇದೆ.

ಪ್ರಿಂಟರನ್ನು ಇವತ್ತೇ ಕಿತ್ತು ಗೋಡೆಯ ಪ್ಲಗ್‌ಗೆ ಹಾಕಿ. ಲೇಸರ್ ಪ್ರಿಂಟರಿನ ಹೀಟರ್ ಒಮ್ಮೆಗೇ ನೂರಾರು ವ್ಯಾಟ್ ಎಳೆಯುತ್ತದೆ, 600 ವಿಎಗೆ ಅದು ತಡೆಯುವುದಿಲ್ಲ. ಯುಪಿಎಸ್‌ಗೆ ಸಿಪಿಯು, ಮಾನಿಟರ್, ರೂಟರ್ ಸಾಕು.